ನೆಲೆಯಿಲ್ಲದವರ ಛಾಯಾಚಿತ್ರವೂ ಶ್ರಾವಕನ ಅಚೌರ್ಯವ್ರತವೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ಕುರಿತು ನಾವು ಹೆಚ್ಚಾಗಿ ಚಿಂತಿಸುವುದಿಲ್ಲ. ಅಹಿಂಸೆಯನ್ನು ಕುರಿತು ಪ್ರವಚನಗಳು ನಡೆಯುತ್ತವೆ, ಪರಿಗ್ರಹಪರಿಮಾಣವನ್ನು ಕುರಿತು ಚರ್ಚೆಗಳು ನಡೆಯುತ್ತವೆ. ಆದರೆ ಕಳ್ಳತನ ಮಾಡುವವರು ಬೇರೆಯವರು, ನಾವಲ್ಲ ಎಂಬ ಭರವಸೆಯಿಂದ ಈ ವ್ರತವು ತಾನಾಗಿಯೇ ಪಾಲಿತವಾಗುತ್ತಿದೆಯೆಂದು ಭಾವಿಸಿಬಿಡುತ್ತೇವೆ. ನಾಲ್ಕು ದಶಕಗಳ ಕಾಲ ತಕ್ಕಡಿ ಮತ್ತು ಖಾತೆಪುಸ್ತಕಗಳ ನಡುವೆ ಬದುಕಿದ ನಾನೂ ಹಾಗೆಯೇ ಭಾವಿಸಿದ್ದೆ. ಕಳೆದ ಚಳಿಗಾಲದಲ್ಲಿ ನಡೆದ ಒಂದು ಪ್ರಸಂಗವು ಆ ಭಾವನೆಯನ್ನು ಅಲುಗಿಸಿತು. ಅದನ್ನು ಓದುಗರ ಮುಂದಿಟ್ಟು, ಅದರಿಂದ ಹುಟ್ಟಿದ ವಿಚಾರವನ್ನು ನಿವೇದಿಸುವುದು ಈ ಲೇಖನದ ಉದ್ದೇಶ.

ನಮ್ಮ ಊರಿನ ಬಸದಿಯ ಟ್ರಸ್ಟಿನ ವತಿಯಿಂದ ಪ್ರತಿವರ್ಷ ಬೀದಿಬದಿಯಲ್ಲಿ ಮಲಗುವವರಿಗೆ ಕಂಬಳಿ ಹಂಚುವ ಪದ್ಧತಿಯಿದೆ. ಕಳೆದ ವರ್ಷ ತರುಣ ಕಾರ್ಯಕರ್ತರು ಒಂದು ಸೂಚನೆ ತಂದರು. ರಾತ್ರಿ ಹನ್ನೊಂದರ ಮೇಲೆ ಹೋಗಿ, ಚಳಿಯಲ್ಲಿ ಮುದುಡಿ ಮಲಗಿದವರ ಛಾಯಾಚಿತ್ರಗಳನ್ನು ತೆಗೆದು ಸಮಾಜಬಾಂಧವರಿಗೆ ಕಳುಹಿಸಿದರೆ ಜನರ ಮನಸ್ಸು ಕರಗುತ್ತದೆ, ಅರಿವು ಮೂಡುತ್ತದೆ, ದಾನವೂ ಹೆಚ್ಚು ಬರುತ್ತದೆ ಎಂಬುದು ಅವರ ವಾದ. ಖಜಾಂಚಿಯಾದ ನಾನೂ ಒಪ್ಪಿ ಸಹಿ ಹಾಕಿದೆ. ಅವರು ಹೇಳಿದಂತೆಯೇ ಆಯಿತು. ಹಿಂದಿನ ವರ್ಷಗಳಿಗಿಂತ ಹೆಚ್ಚು ಹಣ, ಕಡಿಮೆ ದಿನಗಳಲ್ಲಿ ಬಂದಿತು.

ಅದಾಗಿ ಹತ್ತು ದಿನಗಳ ಮೇಲೆ, ನಮ್ಮ ಅಂಗಡಿಗೆ ಮಾರುಕಟ್ಟೆಯಿಂದ ಚೀಲಗಳನ್ನು ಹೊತ್ತು ತರುವ ಹಮಾಲನೊಬ್ಬ ವ್ಯಾಪಾರ ಮುಗಿಯುವ ಹೊತ್ತಿಗೆ ಬಂದು ಒಂದು ಕಡೆ ನಿಂತ. ಅವನನ್ನು ಏಳೆಂಟು ವರ್ಷಗಳಿಂದ ಬಲ್ಲೆ. ಕೂಲಿಯ ವಿಷಯವಿರಬಹುದೆಂದು ಕೇಳಿದೆ. "ಸಾವ್ಕಾರ್ರ, ನಿಮ್ಮ ಬಸದಿಯವರು ಫೋನಿನಾಗ ಕಳಿಸಿದ ಫೋಟೋದಾಗ ಇರಾಂವ ನಾನ. ಊರಾಗ ನನ್ನ ಮಗಳು ನೋಡ್ಯಾಳ. ಇಲ್ಲಿ ಖೋಲಿ ಹಿಡಿದೀನಿ ಅಂತ ಮನ್ಯಾಗ ಹೇಳಿದ್ದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಚಿತ್ರವನ್ನು ತೆಗೆದುಹಾಕಲು ಸಾಧ್ಯವೇ ಎಂದಷ್ಟೇ ಕೇಳಿದ. ಸಾಧ್ಯವಿರಲಿಲ್ಲ. ಅದು ಆಗಲೇ ನೂರಾರು ಫೋನುಗಳಿಗೆ ಹೋಗಿತ್ತು. ನಾಲ್ಕು ದಿನಗಳ ಮೇಲೆ ಅವನು ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ. ಎಲ್ಲಿಗೆ ಹೋದನೆಂದು ಉಳಿದ ಹಮಾಲರಿಗೂ ತಿಳಿಯದು.

ಅವನು ಬೀದಿಯಲ್ಲಿ ಮಲಗುತ್ತಾನೆಂಬುದು ಏಳೆಂಟು ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ನಮ್ಮದೇ ಚಿತ್ರದಿಂದ. ಆದ್ದರಿಂದ ಚಿತ್ರವು ಅರಿವು ಮೂಡಿಸುತ್ತದೆಯೆಂಬ ಮಾತನ್ನು ನಾನು ಸುಳ್ಳೆನ್ನಲಾರೆ. ಆದರೆ ಆ ಅರಿವಿನ ಬೆಲೆಯನ್ನು ತೆತ್ತವರು ಯಾರು ಎಂಬುದು ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಡೆನ್ಮಾರ್ಕಿನಿಂದ 1870ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಜೇಕಬ್ ರೀಸ್ ಎಂಬಾತನು ನ್ಯೂಯಾರ್ಕಿನಲ್ಲಿ ಪತ್ರಕರ್ತನಾಗುವ ಮೊದಲು ತಾನೇ ನೆಲೆಯಿಲ್ಲದೆ ಅಲೆದವನು. ಪೊಲೀಸ್ ಠಾಣೆಗಳಲ್ಲಿ ನಿರ್ಗತಿಕರಿಗಾಗಿ ಇದ್ದ ಕೊಳಕು ಕೊಠಡಿಯಲ್ಲಿ ರಾತ್ರಿ ಕಳೆದವನು. ಕತ್ತಲೆಯಲ್ಲಿ ಪುಡಿಯನ್ನು ಉರಿಸಿ ಕ್ಷಣಮಾತ್ರ ಬೆಳಕು ಮಾಡುವ ವಿಧಾನ ಬಂದಾಗ, 1887ರಿಂದ ಈಚೆಗೆ ಅವನು ಅದೇ ಬಗೆಯ ಕೊಠಡಿಗಳಿಗೂ ಇಕ್ಕಟ್ಟಾದ ಬಡವರ ವಸತಿಗಳಿಗೂ ರಾತ್ರಿವೇಳೆ ನುಗ್ಗಿ ಚಿತ್ರಗಳನ್ನು ತೆಗೆದನು. 1890ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅದರಿಂದ ಆದ ಉಪಕಾರ ಸಣ್ಣದಲ್ಲ. ಮುಂದೆ ರಾಷ್ಟ್ರಾಧ್ಯಕ್ಷನಾದ ಥಿಯೋಡೋರ್ ರೂಸ್‌ವೆಲ್ಟ್ ನಗರದ ಪೊಲೀಸ್ ಮಂಡಲಿಯ ಅಧ್ಯಕ್ಷನಾಗಿದ್ದಾಗ, 1896ರಲ್ಲಿ ಆ ಠಾಣೆಯ ಕೊಠಡಿಗಳನ್ನು ಮುಚ್ಚಿಸಿದನು. ಮಲ್ಬೆರಿ ಬೆಂಡ್ ಎಂಬ ಕುಖ್ಯಾತ ಕೇರಿಯ ಕಟ್ಟಡಗಳನ್ನು ಕೆಡವಿದ ಜಾಗದಲ್ಲಿ 1897ರಲ್ಲಿ ಉದ್ಯಾನವೊಂದು ತೆರೆಯಿತು.

ಆದರೆ ಅದೇ ಗ್ರಂಥದಲ್ಲಿ ರೀಸ್ ಮತ್ತೊಂದು ಸಂಗತಿಯನ್ನೂ ಒಪ್ಪಿಕೊಂಡಿದ್ದಾನೆ. ಅಂಧ ಭಿಕ್ಷುಕರ ಗುಂಪೊಂದರ ಚಿತ್ರ ತೆಗೆಯುವಾಗ ಅವನ ಬೆಳಕಿನ ಪುಡಿಯಿಂದ ಗೋಡೆಯ ಕಾಗದ ಮತ್ತು ಚಿಂದಿಬಟ್ಟೆಗಳಿಗೆ ಬೆಂಕಿ ಹತ್ತಿತು. ಅವನೇ ಕಷ್ಟಪಟ್ಟು ಆರಿಸಿದನು. ಯಾರ ಕಷ್ಟವನ್ನು ಲೋಕಕ್ಕೆ ತೋರಿಸಬೇಕೆಂದು ಹೋದನೋ ಅವರ ಮನೆಗೇ ಬೆಂಕಿ ಬಿದ್ದಿತು. ಚಿತ್ರವನ್ನು ತಾವು ಎಂದೂ ನೋಡಲಾರದ ಕಣ್ಣಿಲ್ಲದವರ ಮನೆ ಅದು. ಅವನ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೂ ಬೆಂಕಿ ಬೆಂಕಿಯೇ.

ಎರಡನೆಯ ನಿದರ್ಶನವು ಇನ್ನೂ ಪ್ರಸಿದ್ಧವಾದುದು. 1936ರ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರವಿತ್ತು. ಬೆಳೆ ಹಾಳಾಗಿ ಕೂಲಿಯಿಲ್ಲದೆ ಜನ ಹಸಿದಿದ್ದರು. ಸರ್ಕಾರದ ಪರವಾಗಿ ಸಂಚರಿಸುತ್ತಿದ್ದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್, ಹರಕು ಗುಡಾರದ ಕೆಳಗೆ ಮಕ್ಕಳೊಡನೆ ಕುಳಿತಿದ್ದ ತಾಯಿಯೊಬ್ಬಳ ಕೆಲವು ಚಿತ್ರಗಳನ್ನು ತೆಗೆದಳು. ಹೆಸರನ್ನು ಕೇಳಲಿಲ್ಲ. ಚಿತ್ರಗಳು ಪತ್ರಿಕೆಯಲ್ಲಿ ಬಂದ ಕೂಡಲೇ ಅಧಿಕಾರಿಗಳು ಆ ಬಿಡಾರಕ್ಕೆ 20,000 ಪೌಂಡುಗಳಷ್ಟು, ಎಂದರೆ ಸುಮಾರು 9,000 ಕಿಲೋಗ್ರಾಂ ಆಹಾರವನ್ನು ಕಳುಹಿಸಿದರು. ಹಸಿದವರಿಗೆ ಅನ್ನ ದೊರೆಯಿತು. ಇದು ಪುಣ್ಯಕಾರ್ಯವೇ ಸರಿ. ಆದರೆ ಆಹಾರ ಬರುವ ವೇಳೆಗೆ ಆ ತಾಯಿ ತನ್ನ ಮಕ್ಕಳೊಡನೆ ಕೆಲಸ ಹುಡುಕುತ್ತ ಮುಂದಿನ ಊರಿಗೆ ಹೊರಟುಹೋಗಿದ್ದಳು. ಅವಳ ಮುಖದಿಂದ ಬಂದ ಅನ್ನದಲ್ಲಿ ಅವಳಿಗೆ ಒಂದು ತುತ್ತೂ ಸೇರಲಿಲ್ಲ.

ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೋಕಿ ಎಂಬ ಮೂಲನಿವಾಸಿ ಜನಾಂಗದವಳು ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ; ಚಿತ್ರ ತೆಗೆದು 42 ವರ್ಷಗಳಾದ ಮೇಲೆ. ಆಗ ಅವಳು ಆ ಚಿತ್ರವನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತೆಂದೂ, ತನ್ನ ಹೆಸರನ್ನು ಕೇಳಲಿಲ್ಲವೆಂದೂ, ತನಗೆ ಅದರಿಂದ ಒಂದು ಕಾಸೂ ಬರಲಿಲ್ಲವೆಂದೂ ಹೇಳಿಕೊಂಡಳು. ಅನ್ನಕ್ಕಾಗಿ ಕಾರಿನ ಚಕ್ರದ ಟೈರುಗಳನ್ನು ಮಾರಿದ್ದರೆಂದು ಚಿತ್ರದ ಜೊತೆಗೆ ಬರೆದದ್ದು ನಿಜವಲ್ಲವೆಂದು ಅವಳ ಮನೆಯವರು ಹೇಳಿದರು. ಲ್ಯಾಂಗ್ ಸರ್ಕಾರಿ ನೌಕರಳಾದ್ದರಿಂದ ಚಿತ್ರದ ಹಕ್ಕಿನ ಹಣ ಅವಳಿಗೂ ಸಲ್ಲಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. 1983ರಲ್ಲಿ ಥಾಂಪ್ಸನ್ ರೋಗಪೀಡಿತಳಾದಾಗ, ಆ ಚಿತ್ರದ ನೆನಪಿನಿಂದಲೇ ಜನರು ಸುಮಾರು 35,000 ಡಾಲರುಗಳನ್ನು ಚಿಕಿತ್ಸೆಗಾಗಿ ಕಳುಹಿಸಿದರೆಂಬುದೂ ಸತ್ಯ. ಅದೇ ವರ್ಷ ಅವಳು ತೀರಿಕೊಂಡಳು.

ಈಗ ನಮ್ಮ ಶಾಸ್ತ್ರದ ಕಡೆಗೆ ತಿರುಗೋಣ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕಳ್ಳತನಕ್ಕೆ ಕೊಟ್ಟಿರುವ ಲಕ್ಷಣವು ಅದತ್ತಾದಾನ, ಅಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಬೆಲೆಬಾಳುವ ವಸ್ತುವೇ ಆಗಬೇಕೆಂದಾಗಲಿ, ಅದರಿಂದ ತನಗೇ ಲಾಭವಾಗಬೇಕೆಂದಾಗಲಿ ಅಲ್ಲಿ ಹೇಳಿಲ್ಲ. ಕೊಟ್ಟರೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಕನ್ನಡದಲ್ಲಿ ನಾವು ಫೋಟೋ 'ತೆಗೆದುಕೊಂಡೆವು' ಎನ್ನುತ್ತೇವೆ. ತೆಗೆದುಕೊಂಡದ್ದೇ ನಿಜವಾದರೆ, ಕೊಟ್ಟವರು ಯಾರು? ನಿದ್ರಿಸುತ್ತಿದ್ದವನು ಕೊಡಲಾರ.

ಮುಖವು ವಸ್ತುವಲ್ಲ, ಅದನ್ನು ತೆಗೆದುಕೊಂಡರೆ ಅವನಿಗೆ ನಷ್ಟವಿಲ್ಲ ಎಂದು ಕೆಲವರು ಹೇಳಬಹುದು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಧನವು ಮನುಷ್ಯನ ಹೊರಗಿನ ಪ್ರಾಣವೆಂದೂ, ಆದ್ದರಿಂದ ಅದನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸಿದಂತೆಂದೂ ತಿಳಿಸಿದ್ದಾರೆ. ಕಳ್ಳತನವು ಹಿಂಸೆಯ ಒಂದು ರೂಪವೆಂಬುದಕ್ಕೆ ಅವರು ಕೊಡುವ ಕಾರಣ ಇದು. ಮನೆ, ಹೊಲ, ಅಂಗಡಿ ಯಾವುದೂ ಇಲ್ಲದವನಿಗೆ ಹೊರಗಿನ ಪ್ರಾಣವಾಗಿ ಉಳಿದಿರುವುದು ಏನು? ತನ್ನ ಊರಿನಲ್ಲಿ, ತನ್ನ ಮಗಳ ಎದುರಿನಲ್ಲಿ ಅವನಿಗೆ ಇರುವ ಮರ್ಯಾದೆ ಒಂದೇ. ಉಳ್ಳವನಿಂದ ನೂರು ರೂಪಾಯಿ ಕದ್ದರೆ ಅವನಿಗೆ ಇನ್ನೂ ಸಾವಿರವಿರುತ್ತದೆ. ನಮ್ಮ ಹಮಾಲನಿಂದ ನಾವು ತೆಗೆದುಕೊಂಡದ್ದು ಅವನ ಇಡೀ ಆಸ್ತಿಯನ್ನು.

ಅಚೌರ್ಯಾಣುವ್ರತಕ್ಕೆ ಹೇಳಿರುವ ಅತಿಚಾರಗಳನ್ನು ವ್ಯಾಪಾರಿಗಳಾದ ನಾವು ಬಾಯಿಪಾಠ ಮಾಡಿರುತ್ತೇವೆ. ಅವುಗಳನ್ನು ಈ ವಿಷಯಕ್ಕೆ ಹಿಡಿದು ನೋಡಿದಾಗ ನನಗೆ ಬೆರಗಾಯಿತು. ಕಳ್ಳನನ್ನು ಪ್ರೇರೇಪಿಸುವುದು ಸ್ತೇನಪ್ರಯೋಗ. ಇನ್ನೂ ಕರುಣಾಜನಕವಾದ ಚಿತ್ರವನ್ನು ತನ್ನಿರೆಂದು ತರುಣರನ್ನು ರಾತ್ರಿ ಕಳುಹಿಸಿದ ನಾವು ಅಲ್ಲಿದ್ದೇವೆ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ನೋಡಿ, ಮರುಗಿ, ಮತ್ತೊಬ್ಬರಿಗೆ ಕಳುಹಿಸುವವರೆಲ್ಲ ಅಲ್ಲಿದ್ದಾರೆ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ಹಗಲೆಲ್ಲ ದುಡಿದ ಮನುಷ್ಯನ ಜೀವನದಿಂದ ಅವನ ಅತ್ಯಂತ ದೀನವಾದ ಒಂದು ಕ್ಷಣವನ್ನಷ್ಟೇ ತೂಗಿ ಕೊಡುವುದೂ ಅಂಥದೇ. ನಕಲಿಯನ್ನು ಅಸಲಿಯೆಂದು ನಡೆಸುವುದು ಪ್ರತಿರೂಪಕ ವ್ಯವಹಾರ. ರೀಸನ ಪ್ರಸಿದ್ಧ ಚಿತ್ರಗಳಲ್ಲಿ ಬೀದಿಯ ಹುಡುಗರು ನಿದ್ರಿಸುವಂತೆ ನಟಿಸಿರುವುದು ನೋಡಿದವರಿಗೆ ತಿಳಿಯುತ್ತದೆ. ಇಂದು ಕಂಬಳಿಯನ್ನು ಒಮ್ಮೆ ಕೊಟ್ಟು, ಚಿತ್ರ ಸರಿಬರಲಿಲ್ಲವೆಂದು ಹಿಂದಕ್ಕೆ ಪಡೆದು ಮತ್ತೆ ಕೊಡುವವರನ್ನು ನಾನೇ ಕಂಡಿದ್ದೇನೆ.

ಉದ್ದೇಶ ಒಳ್ಳೆಯದಾಗಿದ್ದರೆ ಪಾಪವೆಲ್ಲಿ ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಜೈನಧರ್ಮವು ಭಾವಪ್ರಧಾನವಾದುದು ನಿಜ. ಆದರೆ ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ, ಜೀವವು ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತವೆಂದಿದ್ದಾರೆ. ದ್ವೇಷವಿಲ್ಲದಿದ್ದರೂ ಪ್ರಮಾದವಿದ್ದರೆ ಸಾಕು. ನಮಗೆ ಆ ಹಮಾಲನ ಮೇಲೆ ದ್ವೇಷವಿರಲಿಲ್ಲ. ಅವನಿಗೊಬ್ಬ ಮಗಳಿರಬಹುದೆಂಬ ಯೋಚನೆಯೇ ನಮಗೆ ಬರಲಿಲ್ಲ. ಆ ಯೋಚನೆ ಬಾರದಿದ್ದುದೇ ಪ್ರಮಾದ.

ಈಗ ಎದುರುಪಕ್ಷದ ಬಲವಾದ ವಾದವನ್ನು ಎತ್ತಿಕೊಳ್ಳದಿದ್ದರೆ ಅನೇಕಾಂತಕ್ಕೆ ಅಪಚಾರವಾದೀತು. 1943ರ ಬಂಗಾಳದ ಕ್ಷಾಮದಲ್ಲಿ ಹಳ್ಳಿಗಳನ್ನು ಬಿಟ್ಟುಬಂದ ನಿರ್ಗತಿಕರು ಕಲ್ಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದರು. ಯುದ್ಧಕಾಲದ ಸರ್ಕಾರ ಅದನ್ನು ಕ್ಷಾಮವೆಂದು ಕರೆಯಲು ಸಿದ್ಧವಿರಲಿಲ್ಲ. ಪತ್ರಿಕೆಗಳ ಬರೆಹದ ಮೇಲೆ ನಿರ್ಬಂಧಗಳಿದ್ದವು. ಆಗ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ 1943ರ ಆಗಸ್ಟ್ 22ರಂದು ಆ ಬೀದಿಗಳ ಛಾಯಾಚಿತ್ರಗಳನ್ನು ಪ್ರಕಟಿಸಿದನು. ದೆಹಲಿಗೂ ಹೊರಗಿನ ಲೋಕಕ್ಕೂ ಸತ್ಯ ತಿಳಿಯಿತು. ಆ ಚಿತ್ರಗಳಲ್ಲಿ ಇದ್ದವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾದರೆ ಸ್ಟೀಫನ್ಸ್ ಮಾಡಿದ್ದು ತಪ್ಪೇ?

ತಪ್ಪೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿರುವ ನಮ್ಮ ಪರಂಪರೆಯು, ದೊಡ್ಡ ಅನ್ಯಾಯವನ್ನು ತಡೆಯುವಾಗ ಗೃಹಸ್ಥನು ಪೂರ್ಣ ನಿರ್ದೋಷಿಯಾಗಿರಲು ಸಾಧ್ಯವಿಲ್ಲವೆಂಬುದನ್ನು ಬಲ್ಲದು. ಆದರೆ ಆ ಪ್ರಸಂಗವನ್ನೂ ನಮ್ಮದನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಅಲ್ಲಿ ಅಧಿಕಾರದಲ್ಲಿದ್ದವರು ಸತ್ಯವನ್ನು ಮರೆಮಾಡಿದ್ದರು. ಚಿತ್ರವು ಆ ಮರೆಯನ್ನು ಸರಿಸಿತು. ರೀಸನ ಕಾಲದಲ್ಲಿಯೂ ನಗರದ ಶ್ರೀಮಂತರು ಕಾಲಿಡದ ಕತ್ತಲೆಯ ಕೊಠಡಿಗಳಿದ್ದವು. ನಮ್ಮ ಊರಿನ ಬಸ್ ನಿಲ್ದಾಣದ ಮುಂದೆ ಮಲಗಿದವರನ್ನು ಮರೆಮಾಡಿದವರು ಯಾರು? ಬೆಳಗಿನ ಅಭಿಷೇಕಕ್ಕೆ ಹೋಗುವಾಗ ನಾವೆಲ್ಲರೂ ಅವರನ್ನು ದಾಟಿಯೇ ಹೋಗುತ್ತೇವೆ. 2011ರ ಜನಗಣತಿಯಲ್ಲಿ ದೇಶದ ನೆಲೆಯಿಲ್ಲದವರ ಸಂಖ್ಯೆಯನ್ನು ಸುಮಾರು 17 ಲಕ್ಷ 73 ಸಾವಿರವೆಂದು ಎಣಿಸಿ ಪ್ರಕಟಿಸಲಾಗಿದೆ. ನಮಗೆ ಕೊರತೆಯಾಗಿರುವುದು ಅರಿವಲ್ಲ. ಗೊತ್ತಿರುವುದನ್ನು ಚಿತ್ರದಲ್ಲಿ ಮತ್ತೊಮ್ಮೆ ನೋಡಿ, ಒಂದು ಕ್ಷಣ ಕರಗಿ, ಆ ಕರಗಿದ ಭಾವವನ್ನೇ ಧರ್ಮವೆಂದು ಎಣಿಸುವುದು ನಮ್ಮ ಅಭ್ಯಾಸವಾಗಿದೆ.

ಆದುದರಿಂದ ಛಾಯಾಚಿತ್ರವೇ ಕೂಡದೆಂಬುದು ನನ್ನ ಅಭಿಪ್ರಾಯವಲ್ಲ. ವ್ಯಾಪಾರದಲ್ಲಿ ಅನಾಮತ್ತು ಎಂಬ ಖಾತೆಯಿದೆ. ಬೇರೊಬ್ಬರ ಹಣ ನಮ್ಮ ಪೆಟ್ಟಿಗೆಯಲ್ಲಿರುತ್ತದೆ. ಆದರೆ ಅದು ನಮ್ಮದಲ್ಲ. ಅವರು ಕೊಟ್ಟದ್ದರಿಂದ ಬಂದಿದೆ, ಅವರು ಹೇಳಿದ ಕಾರ್ಯಕ್ಕೆ ಮಾತ್ರ ಸಲ್ಲುತ್ತದೆ, ಕೇಳಿದಾಗ ಹಿಂದಿರುಗಿಸಬೇಕು. ಬಡವನ ಮುಖದ ಚಿತ್ರವನ್ನು ಅನಾಮತ್ತಾಗಿ ಇಟ್ಟುಕೊಳ್ಳಬಹುದು, ಜಮಾ ಮಾಡಿಕೊಳ್ಳಬಾರದು.

ನಮ್ಮ ಮುನಿಗಳ ಆಚಾರದಲ್ಲಿ ಇದಕ್ಕೊಂದು ದಾರಿದೀಪವಿದೆ. ಮೂಲಾಚಾರದ ಪ್ರಕಾರ ಮುನಿಗಳು ಗುಹೆಯನ್ನೋ ಮರಳದಿಣ್ಣೆಯನ್ನೋ ಪ್ರವೇಶಿಸುವಾಗ ನಿಷೇಧಿಕೆಯನ್ನು ಉಚ್ಚರಿಸಿ, ಅಲ್ಲಿ ವಾಸಿಸುವ ಕಾಣದ ಜೀವಗಳ ಅನುಮತಿಯನ್ನು ಪಡೆದೇ ಒಳಗೆ ಹೋಗುತ್ತಾರೆ. ನಾವೂ ಬಸದಿಯ ಹೊಸ್ತಿಲಲ್ಲಿ ನಿಸ್ಸಹಿ ಎನ್ನುತ್ತೇವೆ. ಯಾರೂ ಕಾಣದ ಗುಹೆಯಲ್ಲಿಯೂ ಅನುಮತಿ ಕೇಳುವ ಧರ್ಮದವರು, ಕಣ್ಣೆದುರಿಗೆ ಮನುಷ್ಯನೊಬ್ಬ ಮಲಗಿರುವ ಜಾಗಕ್ಕೆ ಕೇಳದೆ ನುಗ್ಗಬಹುದೇ? ಅವನಿಗೆ ಬಾಗಿಲಿಲ್ಲವೆಂದ ಮಾತ್ರಕ್ಕೆ ಬಾಗಿಲು ತಟ್ಟುವ ನಮ್ಮ ಕರ್ತವ್ಯ ಇಲ್ಲವಾಗುವುದಿಲ್ಲ.

ಈ ವಿಚಾರಗಳನ್ನು ನಮ್ಮ ಟ್ರಸ್ಟಿನ ಸಭೆಯ ಮುಂದಿಟ್ಟೆ. ತರುಣರು ಮೊದಲು ನೊಂದುಕೊಂಡರು. ಅವರ ಶ್ರಮವನ್ನು ನಾನು ಹಗುರಾಗಿ ಕಂಡೆನೆಂದು ಅವರಿಗೆ ಅನ್ನಿಸಿತು. ಚಳಿಯಲ್ಲಿ ಎದ್ದುಹೋಗಿ ಕಂಬಳಿ ಹೊದಿಸಿದವರು ಅವರು; ಮನೆಯಲ್ಲಿ ಬೆಚ್ಚಗೆ ಮಲಗಿದ್ದವನು ನಾನು. ಇದನ್ನು ಒಪ್ಪಿಕೊಂಡ ಮೇಲೆಯೇ ಮಾತು ಮುಂದುವರಿಯಿತು. ಕಡೆಗೆ ಎಲ್ಲರೂ ಸೇರಿ ಕೆಲವು ನಿಯಮಗಳನ್ನು ಬರೆದುಕೊಂಡೆವು. ಇತರ ಟ್ರಸ್ಟುಗಳಿಗೆ ಉಪಯೋಗವಾಗಬಹುದೆಂದು ಇಲ್ಲಿ ಕೊಡುತ್ತಿದ್ದೇನೆ.

ನಿದ್ರಿಸುತ್ತಿರುವವರ, ರೋಗದಿಂದ ಅಥವಾ ಮದ್ಯದಿಂದ ಎಚ್ಚರವಿಲ್ಲದವರ ಚಿತ್ರವನ್ನು ಯಾವ ಕಾರಣಕ್ಕೂ ತೆಗೆಯಕೂಡದು. ನಾವು ಅಭಯದಾನವನ್ನು ದಾನಗಳಲ್ಲಿ ಎಣಿಸುತ್ತೇವೆ. ನಡುರಾತ್ರಿ ಮುಖದ ಮೇಲೆ ಬೆಳಕು ಬಿದ್ದು ಬೆಚ್ಚಿಬೀಳುವವನಿಗೆ ನಾವು ಕೊಟ್ಟದ್ದು ಭಯವನ್ನೇ ಹೊರತು ಅಭಯವನ್ನಲ್ಲ.

ಕೊಡುವ ವೇಳೆಯಲ್ಲಿ ಒಪ್ಪಿಗೆ ಕೇಳಕೂಡದು. ಕಂಬಳಿಗಾಗಿ ಚಾಚಿದ ಕೈ 'ಬೇಡ' ಎನ್ನಲಾರದು. ಕೇಳುವುದಾದರೆ ಮತ್ತೊಂದು ದಿನ, ಹಗಲಿನಲ್ಲಿ, ಪಕ್ಕದಲ್ಲಿ ಕುಳಿತು, ಅವರ ಭಾಷೆಯಲ್ಲಿ ಕೇಳಬೇಕು. ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಒಮ್ಮೆ ಹೋದರೆ ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ತಿಳಿಸಬೇಕು. ಒಪ್ಪಿದರೆ ಹೆಸರನ್ನು ಕೇಳಿ, ಅವರು ಬಯಸಿದರೆ ಮಾತ್ರ ಪ್ರಕಟಿಸಬೇಕು. ಚಿತ್ರದ ಒಂದು ಪ್ರತಿಯನ್ನು ಅವರಿಗೆ ಕೊಡಬೇಕು.

ಮುಖದ ಬದಲು ಸ್ಥಿತಿಯನ್ನು ತೋರಿಸಬಹುದು. ಮುರಿದ ನಲ್ಲಿ, ಬೀಗ ಹಾಕಿದ ಶೌಚಾಲಯ, ರಾತ್ರಿ ತೆರೆಯದ ಆಶ್ರಯತಾಣ ಇವುಗಳ ಚಿತ್ರಕ್ಕೆ ಯಾರ ಅನುಮತಿಯೂ ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು, ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಸಾಲುವ ಶಾಶ್ವತ ಆಶ್ರಯತಾಣ ಇರಬೇಕೆಂದು ಗೊತ್ತುಪಡಿಸಿತ್ತು. ನಮ್ಮ ಊರಿನಲ್ಲಿ ಅಂಥ ಎಷ್ಟು ಹಾಸಿಗೆಗಳಿವೆ ಎಂದು ಎಣಿಸಿ ನಗರಸಭೆಯನ್ನು ಕೇಳುವುದು ಹತ್ತು ಚಿತ್ರಗಳಿಗಿಂತ ಹೆಚ್ಚಿನ ಅರಿವು. ದಾನಿಗಳಿಗೆ ನಂಬಿಕೆ ಹುಟ್ಟಿಸಲು ಪಡೆದವರ ಮುಖಗಳು ಬೇಕಿಲ್ಲ. ಪೈಸೆಪೈಸೆಯ ಲೆಕ್ಕ ಸಾಕು.

ಕೊನೆಯದಾಗಿ ಒಂದು ಮಾತು. ಇದು ಟ್ರಸ್ಟುಗಳಿಗೆ ಸ್ವಲ್ಪ ಕಹಿಯಾಗಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನವಾಗಿ ಹೇಳಿದ್ದಾರೆ. ಅಲ್ಲಿ ಮುಖ್ಯವಾಗಿ ಸಂಯಮಿಗಳ ವೈಯಾವೃತ್ಯದ ಪ್ರಸಂಗವಿದೆ, ನಿಜ. ಆದರೆ ದಯಾದತ್ತಿಯನ್ನು ಸಕಲ ದೀನಜೀವಿಗಳಿಗೂ ವಿಸ್ತರಿಸಿರುವ ಪರಂಪರೆಯೂ ನಮ್ಮದೇ. ನಮ್ಮ ಟ್ರಸ್ಟಿನ ಕಲ್ಯಾಣಮಂಟಪವು ವರ್ಷದ ಬಹುಪಾಲು ರಾತ್ರಿಗಳಲ್ಲಿ ಬೀಗ ಹಾಕಿಕೊಂಡು ಖಾಲಿ ಇರುತ್ತದೆ. ಅದರ ಹಿಂಭಾಗದ ಜಗಲಿಯನ್ನು ಈ ಚಳಿಗಾಲದಿಂದ ರಾತ್ರಿ ತೆರೆದಿಡಬೇಕೆಂದು ನಾನು ಕೇಳಿದ್ದೇನೆ. ಸ್ವಚ್ಛತೆ, ಭದ್ರತೆ, ಆಹಾರನಿಯಮ ಮುಂತಾದ ಆಕ್ಷೇಪಣೆಗಳು ಬಂದಿವೆ. ಅವು ವಿಚಾರಯೋಗ್ಯವೇ ಆಗಿವೆ. ಇನ್ನೂ ನಿರ್ಣಯವಾಗಿಲ್ಲ.

ದಶಲಕ್ಷಣ ಪರ್ವದ ತರುವಾಯ ಕ್ಷಮಾವಣಿಯಂದು ಬಂಧುಮಿತ್ರರಿಗೆಲ್ಲ ಕ್ಷಮಾಪಣೆಯ ಪತ್ರಗಳನ್ನು ಬರೆಯುವುದು ನನ್ನ ರೂಢಿ. ಈ ಸಲ ಬರೆಯಲು ಕುಳಿತಾಗ, ನಿಜವಾಗಿ ಕ್ಷಮೆ ಕೇಳಬೇಕಾದವನಿಗೆ ಪತ್ರ ಬರೆಯಲು ವಿಳಾಸವೇ ಇರಲಿಲ್ಲ. ಅವನ ಊರಿನ ಹೆಸರನ್ನು ಏಳೆಂಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಈ ಪತ್ರಿಕೆಯನ್ನು ಅವನು ಓದುವುದಿಲ್ಲವೆಂಬುದನ್ನು ಬಲ್ಲೆ. ಆದರೂ ಇಲ್ಲಿಯೇ ಅವನ ಕ್ಷಮೆಯನ್ನು ಬೇಡುತ್ತೇನೆ. ಓದಿದ ಶ್ರಾವಕಬಾಂಧವರು ತಮ್ಮ ಟ್ರಸ್ಟಿನ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿದರೆ ನನ್ನ ಬೇಡಿಕೆಗೆ ಅರ್ಥ ಬಂದೀತು.

ಸರ್ವ ಜೀವಿಗಳಿಗೂ ಅಭಯವಿರಲಿ. ಜೈ ಜಿನೇಂದ್ರ.